ಬಿಂಬದೋಷವನ್ನು ಓದುವ ವಿದ್ಯೆ

ಯಂತ್ರವೊಂದು ಸರಿಯಾಗಿ ನಡೆಯುತ್ತಿರುವಾಗ ಅದು ತನ್ನ ಒಳಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಗಡಿಯಾರವು ಸರಿಯಾದ ಹೊತ್ತನ್ನು ತೋರಿಸುತ್ತಿರುವವರೆಗೆ ಅದರೊಳಗೆ ಎಷ್ಟು ಚಕ್ರಗಳಿವೆಯೆಂದು ಕೇಳುವವರು ವಿರಳ. ಅದು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳತೊಡಗಿದಾಗಲೇ ಒಳಗಿನ ಚಕ್ರಗಳ ನೆನಪಾಗುವುದು. ಸಿನಿಮಾ ಪ್ರೊಜೆಕ್ಟರಿನ ವಿಷಯವೂ ಹೀಗೆಯೇ. ಪರದೆಯ ಮೇಲೆ ಚಿತ್ರವು ನಿರ್ಮಲವಾಗಿ ಮೂಡುತ್ತಿರುವಾಗ ಪ್ರೇಕ್ಷಕನ ಮನಸ್ಸು ಕಥೆಯಲ್ಲಿ ಮುಳುಗಿರುತ್ತದೆ. ಅಕ್ಷರಗಳ ಅಂಚಿಗೆ ಕೆಂಪು ಗೆರೆಯೊಂದು ಅಂಟಿಕೊಂಡಾಗ, ಪರದೆಯ ಒಂದು ಮಗ್ಗುಲು ಮಸುಕಾದಾಗ, ನಾಯಕನ ಮುಖವು ಹಸಿರಾಗಿ ಕಂಡಾಗ ಮಾತ್ರ ಅವನು ಎಚ್ಚೆತ್ತು, “ಪ್ರೊಜೆಕ್ಟರ್ ಕೆಟ್ಟಿದೆ” ಎಂದುಬಿಡುತ್ತಾನೆ. ರೋಗಿಯು ವೈದ್ಯನ ಬಳಿಗೆ ಹೋಗಿ “ನನಗೆ ಹುಷಾರಿಲ್ಲ” ಎಂದಷ್ಟೇ ಹೇಳಿ ಸುಮ್ಮನಾದರೆ ಎಷ್ಟು ಪ್ರಯೋಜನವೋ ಈ ಮಾತಿನಿಂದಲೂ ಅಷ್ಟೇ ಪ್ರಯೋಜನ.

ಪರದೆಯ ಮೇಲಿನ ದೋಷವು ಯಂತ್ರವು ತಾನೇ ಬರೆದು ತೋರಿಸುವ ಬರಹವೆಂದು ನಾವು ಭಾವಿಸುತ್ತೇವೆ. ಅದನ್ನು ಓದಲು ಬೇಕಾದ ಭೌತಶಾಸ್ತ್ರವೆಲ್ಲವೂ ಪ್ರೌಢಶಾಲೆಯ ಮತ್ತು ಪದವಿಪೂರ್ವ ತರಗತಿಗಳ ಪುಸ್ತಕಗಳಲ್ಲಿ ಈಗಾಗಲೇ ಇದೆ. ಇಲ್ಲದಿರುವುದು ಓದುವ ಅಭ್ಯಾಸವೊಂದೇ. ಆ ಅಭ್ಯಾಸವನ್ನು ನಮ್ಮ ಶಾಲಾ ಕಾಲೇಜುಗಳು ಬೆಳೆಸಬೇಕೆಂಬುದೇ ಈ ಲೇಖನದ ಪ್ರತಿಪಾದನೆ.

ಫಿಲ್ಮ್ ಸುರುಳಿಗಳ ಕಾಲದಲ್ಲಿ ಈ ವಿದ್ಯೆಯು ಆಪರೇಟರನ ಕೈಯಲ್ಲಿತ್ತು. ಸೆಕೆಂಡಿಗೆ 24 ಚಿತ್ರಗಳು ಒಂದೊಂದಾಗಿ ಬಾಗಿಲ ಮುಂದೆ ಬಂದು ನಿಂತು ಹೋಗುತ್ತಿದ್ದವು. ಚಿತ್ರವು ಸರಿಯುವ ಕ್ಷಣದಲ್ಲಿ ತಿರುಗುವ ಅಲಗೊಂದು ಬೆಳಕನ್ನು ಮರೆಮಾಡುತ್ತಿತ್ತು. ಆ ಅಲಗಿನ ವೇಳೆ ತಪ್ಪಿದರೆ ಬಿಳಿಯ ಅಕ್ಷರಗಳಿಂದ ಮೇಲಕ್ಕೋ ಕೆಳಕ್ಕೋ ಬಾಲದಂತಹ ಗೆರೆಗಳು ಹೊರಡುತ್ತಿದ್ದವು. ಆಪರೇಟರನು ಆ ಬಾಲದ ದಿಕ್ಕನ್ನು ನೋಡಿಯೇ ಅಲಗು ಮುಂಚೆ ಬರುತ್ತಿದೆಯೋ ತಡವಾಗಿ ಬರುತ್ತಿದೆಯೋ ಎಂಬುದನ್ನು ನಿರ್ಣಯಿಸುತ್ತಿದ್ದನು. ಜಾತ್ರೆಗಳಿಗೆ ಡೇರೆ ಹೊತ್ತು ಬರುತ್ತಿದ್ದ ಟೂರಿಂಗ್ ಟಾಕೀಸಿನ ಆಪರೇಟರನು ಕಾಲೇಜಿನ ಮೆಟ್ಟಿಲನ್ನು ಹತ್ತಿರದಿದ್ದರೂ ಇಂತಹ ಅನುಮಾನಕ್ರಮದಲ್ಲಿ ಪಳಗಿದವನಾಗಿದ್ದನು. ಏಕೆಂದರೆ ಅವನಿಗೆ ಬೇರೆ ದಿಕ್ಕಿರಲಿಲ್ಲ. ಆ ರಾತ್ರಿಯ ಆಟ ನಡೆಯಲೇಬೇಕಾಗಿತ್ತು.

2010ರ ನಂತರದ ಕೆಲವೇ ವರ್ಷಗಳಲ್ಲಿ ನಮ್ಮ ನಾಡಿನ ಚಿತ್ರಮಂದಿರಗಳಿಂದ ಸುರುಳಿಗಳು ಮರೆಯಾದವು. ಈಗ ಚಿತ್ರವು ಉಪಗ್ರಹದ ಮೂಲಕವೋ ಹಾರ್ಡ್ ಡಿಸ್ಕಿನಲ್ಲೋ ಸಂಖ್ಯೆಗಳ ರೂಪದಲ್ಲಿ ಬರುತ್ತದೆ. ಯಂತ್ರವು ಮುಚ್ಚಿದ ಪೆಟ್ಟಿಗೆಯಾಗಿದೆ. ಕೆಟ್ಟರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತಂತ್ರಜ್ಞನು ಬರಬೇಕು. ಅವನು ಬರುವವರೆಗೆ ಆಟ ನಿಲ್ಲಬೇಕು, ಇಲ್ಲವೇ ಕೆಟ್ಟ ಚಿತ್ರವನ್ನೇ ಜನರು ನೋಡಬೇಕು. ಮೊದಲೇ ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವ ಈ ಕಾಲದಲ್ಲಿ ತಾಲೂಕಿನ ಊರೊಂದರ ಮಾಲೀಕನಿಗೆ ಇದು ಸಣ್ಣ ನಷ್ಟವಲ್ಲ.

ಆದರೆ ಪೆಟ್ಟಿಗೆ ಮುಚ್ಚಿದ್ದ ಮಾತ್ರಕ್ಕೆ ಅದರೊಳಗಿನ ಬೆಳಕು ಹೊಸ ನಿಯಮಗಳನ್ನು ಕಲಿತಿಲ್ಲ. ಚಿತ್ರಮಂದಿರದ ಪ್ರೊಜೆಕ್ಟರಿನಲ್ಲಿ ಬೆಳಕು ನಡೆಯುವ ದಾರಿಯನ್ನು ಒಮ್ಮೆ ನೋಡೋಣ. ಕ್ಸೆನಾನ್ ದೀಪದಿಂದಲೋ ಲೇಸರಿನಿಂದಲೋ ಹೊರಟ ಬೆಳಕನ್ನು ಮೊದಲು ಎಲ್ಲೆಡೆ ಸಮನಾಗಿ ಹರಡುವಂತೆ ಮಾಡುತ್ತಾರೆ. ಬಳಿಕ ಅಶ್ರಗಗಳ ಜೋಡಣೆಯೊಂದು ಅದನ್ನು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಒಡೆಯುತ್ತದೆ. ಒಂದೊಂದು ಬಣ್ಣವೂ ಒಂದೊಂದು ಚಿಪ್ಪಿನ ಮೇಲೆ ಬೀಳುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ಎಂಬ ವಿಜ್ಞಾನಿಯು 1987ರಲ್ಲಿ ನಿರ್ಮಿಸಿದ ಈ ಬಗೆಯ ಚಿಪ್ಪಿನ ಮೈಯೆಲ್ಲ ಕಿರುಗನ್ನಡಿಗಳು. ‘2ಕೆ’ ಎಂದು ಕರೆಯುವ ಚಿಪ್ಪಿನಲ್ಲಿ ಅಡ್ಡಕ್ಕೆ 2048, ಉದ್ದಕ್ಕೆ 1080, ಒಟ್ಟು 22 ಲಕ್ಷಕ್ಕೂ ಹೆಚ್ಚು ಕನ್ನಡಿಗಳಿರುತ್ತವೆ. ಪ್ರತಿಯೊಂದೂ ಕೆಲವೇ ಡಿಗ್ರಿಗಳಷ್ಟು ಅತ್ತಿತ್ತ ವಾಲಬಲ್ಲದು. ಒಂದು ಕಡೆಗೆ ವಾಲಿದರೆ ಬೆಳಕು ಮಸೂರದೊಳಕ್ಕೆ, ಇನ್ನೊಂದು ಕಡೆಗೆ ವಾಲಿದರೆ ಮಸೂರದಿಂದ ಹೊರಕ್ಕೆ. ಸೆಕೆಂಡಿಗೆ ಸಾವಿರಾರು ಸಲ ವಾಲುವ ಕನ್ನಡಿಯು ಎಷ್ಟು ಹೊತ್ತು ಮಸೂರದ ಕಡೆಗಿತ್ತೆಂಬುದರ ಮೇಲೆ ಆ ಬಿಂದುವಿನ ಪ್ರಕಾಶವು ನಿಲ್ಲುತ್ತದೆ. ಮೂರು ಬಣ್ಣಗಳೂ ಮತ್ತೆ ಒಂದಾಗಿ, ಮಸೂರವನ್ನೂ ಕೊಠಡಿಯ ಕಿಟಕಿಯ ಗಾಜನ್ನೂ ಹಾಯ್ದು ಪರದೆಯನ್ನು ಸೇರುತ್ತವೆ.

ಮೂರು ಬಣ್ಣಗಳಿಂದ ಎಲ್ಲ ಬಣ್ಣಗಳನ್ನೂ ಪಡೆಯುವ ಈ ಉಪಾಯವು ಹೊಸದಲ್ಲ. 1861ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ಪಟ್ಟೆಯ ರಿಬ್ಬನ್ನೊಂದರ ಮೂರು ಛಾಯಾಚಿತ್ರಗಳನ್ನು ಕೆಂಪು, ಹಸಿರು, ನೀಲಿ ಬೆಳಕುಗಳಲ್ಲಿ ಒಂದರ ಮೇಲೊಂದು ಬೀಳಿಸಿ ಬಣ್ಣದ ಚಿತ್ರವನ್ನು ತೋರಿಸಿದನು. ಇಂದಿನ ಪ್ರೊಜೆಕ್ಟರು ಮಾಡುತ್ತಿರುವುದೂ ಅದನ್ನೇ. ಆದುದರಿಂದ ಅದರ ದೋಷಗಳೂ ಅದೇ ಲೆಕ್ಕಕ್ಕೆ ಸಿಕ್ಕುತ್ತವೆ. ಬಿಳಿಯಲ್ಲಿ ನೀಲಿಯನ್ನು ಕಳೆದರೆ ಹಳದಿ, ಹಸಿರನ್ನು ಕಳೆದರೆ ನೇರಳೆಗೆಂಪು, ಕೆಂಪನ್ನು ಕಳೆದರೆ ಹಸಿರುನೀಲಿ. ಬಿಳಿಯ ಪರದೆ ಹಳದಿಯಾಗಿ ಕಂಡರೆ, ಯಾವುದೋ ಒಂದು ಕಡೆ ನೀಲಿಯ ದಾರಿ ಕಡಿದಿದೆ ಅಥವಾ ಕ್ಷೀಣಿಸಿದೆ ಎಂದೇ ಅರ್ಥ. ಕತ್ತಲೆಯ ದೃಶ್ಯದಲ್ಲಿ ಒಂದು ಕೆಂಪು ಚುಕ್ಕೆ ಅಲುಗದೆ ನಿಂತಿದ್ದರೆ, ಕೆಂಪಿನ ಚಿಪ್ಪಿನಲ್ಲಿ ಕನ್ನಡಿಯೊಂದು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ. ಬಿಳಿಯ ದೃಶ್ಯದಲ್ಲಿ ಒಂದು ಹಸಿರುನೀಲಿ ಚುಕ್ಕೆ ನಿಂತಿದ್ದರೆ, ಅದೇ ಚಿಪ್ಪಿನ ಕನ್ನಡಿಯೊಂದು ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ.

ಅಕ್ಷರಗಳ ಅಂಚಿನಲ್ಲಿ ಕಾಣುವ ಬಣ್ಣದ ಗೆರೆಗಳು ಇನ್ನೂ ಸ್ವಾರಸ್ಯವಾದವು. ಮೂರು ಚಿತ್ರಗಳಲ್ಲಿ ಕೆಂಪಿನದು ಕೊಂಚ ಸರಿದಿದ್ದರೆ, ಬಿಳಿಯ ಗೆರೆಯ ಒಂದು ಪಕ್ಕದಲ್ಲಿ ಕೆಂಪು, ಇನ್ನೊಂದು ಪಕ್ಕದಲ್ಲಿ ಹಸಿರುನೀಲಿ ಕಾಣುತ್ತದೆ. ಮಸೂರದ ವರ್ಣದೋಷದಿಂದಲೂ ಇಂತಹ ಗೆರೆಗಳು ಹುಟ್ಟುತ್ತವೆ. ಎರಡನ್ನೂ ಬೇರ್ಪಡಿಸುವುದು ಹೇಗೆ? ಚಿಪ್ಪು ಸರಿದಿದ್ದರೆ ಗೆರೆಯು ಪರದೆಯ ನಡುವಿನಲ್ಲೂ ಅಂಚಿನಲ್ಲೂ ಒಂದೇ ಅಗಲದ್ದಾಗಿ, ಒಂದೇ ದಿಕ್ಕಿನಲ್ಲಿರುತ್ತದೆ. ಮಸೂರದ ದೋಷವಾದರೆ ನಡುವಿನಲ್ಲಿ ಇಲ್ಲವಾಗಿ, ಅಂಚಿನ ಕಡೆಗೆ ಹೋದಂತೆ ಬೆಳೆಯುತ್ತದೆ. ಲೆಕ್ಕವನ್ನೂ ಮಾಡಿ ನೋಡಬಹುದು. ಪರದೆಯ ಅಗಲ 10 ಮೀಟರ್ ಎಂದಿಟ್ಟುಕೊಂಡರೆ 2048 ಬಿಂದುಗಳಲ್ಲಿ ಒಂದೊಂದರ ಪಾಲಿಗೆ ಸುಮಾರು 5 ಮಿಲಿಮೀಟರ್ ಬರುತ್ತದೆ. ಚಿಪ್ಪಿನ ಮೇಲೆ ಒಂದು ಕನ್ನಡಿಯ ಅಗಲವಾದರೋ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಎಂದರೆ ಪರದೆಯ ಮೇಲೆ 5 ಮಿಲಿಮೀಟರಿನ ಕೆಂಪು ಗೆರೆ ಕಂಡರೆ, ಪೆಟ್ಟಿಗೆಯೊಳಗೆ ಏನೋ ಒಂದು ಕೂದಲೆಳೆಗಿಂತಲೂ ಕಡಿಮೆ ಸರಿದಿದೆ. ಲೋಹವು ಕಾದು ಹಿಗ್ಗುವುದರಿಂದಲೇ ಇಷ್ಟು ಚಲನೆ ಉಂಟಾಗಬಹುದು. ಆದುದರಿಂದಲೇ ಯಂತ್ರವು ಚೆನ್ನಾಗಿ ಕಾದ ಮೇಲೆ ಈ ಪರೀಕ್ಷೆಯನ್ನು ಮಾಡಬೇಕೆನ್ನುತ್ತಾರೆ. ನಮ್ಮ ಕಣ್ಣು ಅಳೆಯಲಾರದುದನ್ನು ಪರದೆಯು ನಾನ್ನೂರು ಪಟ್ಟಿನಷ್ಟು ದೊಡ್ಡದು ಮಾಡಿ ನಮಗೆ ತೋರಿಸುತ್ತಿದೆ.

ಪರದೆಯ ಮೇಲೆ ಮಸುಕಾದ ಕಲೆಯೊಂದು ಕಂಡಿತೆನ್ನೋಣ. ಕೂಡಲೇ ಬಟ್ಟೆಯನ್ನು ತೆಗೆದುಕೊಂಡು ಮಸೂರವನ್ನು ಒರೆಸುವವರೇ ಹೆಚ್ಚು. ಇಲ್ಲಿ ತರಗತಿಯ ಪಾಠವನ್ನು ನೆನೆಯಬೇಕು. ಮಸೂರದ ಅರ್ಧವನ್ನು ಕಾಗದದಿಂದ ಮುಚ್ಚಿದರೆ ಬಿಂಬದ ಅರ್ಧವು ಮಾಯವಾಗುವುದಿಲ್ಲ. ಇಡೀ ಬಿಂಬವು ಮಂಕಾಗುತ್ತದೆ, ಅಷ್ಟೆ. ಹೀಗಿರಲು ಮಸೂರದ ಮೇಲಿನ ಧೂಳಿನ ಕಣವು ಪರದೆಯ ಮೇಲೆ ಕಲೆಯಾಗಿ ಕಾಣಲಾರದು. ಮಸೂರವೆಲ್ಲ ಧೂಳಾದರೆ ಕಪ್ಪು ಬೂದಿಯಾಗಿ, ಚಿತ್ರವು ಹಾಲು ಚೆಲ್ಲಿದಂತೆ ಕಳೆಗುಂದುತ್ತದೆ. ಕಲೆಯಾಗಿ ಕಾಣಬೇಕಾದರೆ ಧೂಳು ಚಿಪ್ಪಿನ ಸಮೀಪದಲ್ಲಿರಬೇಕು, ಇಲ್ಲವೇ ಕಲೆಯು ಪರದೆಯ ಮೇಲೆಯೇ ಇರಬೇಕು. ಇವೆರಡರಲ್ಲಿ ಯಾವುದೆಂಬುದನ್ನು ಅರಿಯಲು ಚಿತ್ರವನ್ನು ಒಂದು ಗೇಣು ಸರಿಸಿದರೆ ಸಾಕು. ಚಿತ್ರದೊಡನೆ ಕಲೆಯೂ ಸರಿದರೆ ಅದು ಯಂತ್ರದ್ದು. ಸರಿಯದೆ ನಿಂತರೆ ಪರದೆಯದು. ಯಂತ್ರದ್ದಾದರೆ ಬರೀ ಕೆಂಪು, ಬರೀ ಹಸಿರು, ಬರೀ ನೀಲಿ ಪರದೆಗಳನ್ನು ಒಂದಾದ ಮೇಲೊಂದು ತೋರಿಸಿ, ಯಾವುದರಲ್ಲಿ ಕಲೆ ಕಾಣುತ್ತದೆಂದು ನೋಡಬೇಕು. ಮೂರರಲ್ಲೂ ಕಂಡರೆ ಧೂಳು ಬಣ್ಣಗಳು ಬೇರೆಯಾಗುವ ಮೊದಲೇ ಇದೆ; ಒಂದರಲ್ಲಿ ಮಾತ್ರ ಕಂಡರೆ ಆ ಬಣ್ಣದ ದಾರಿಯಲ್ಲಿದೆ.

ಇನ್ನು ಕೆಲವು ದೋಷಗಳು ಬೆಳಕಿನ ದಾರಿಗೆ ಸೇರಿದವೇ ಅಲ್ಲ. ಚೌಕ ಚೌಕವಾಗಿ ಒಡೆಯುವ ಚಿತ್ರ, ಮಿಣುಕುವ ಚುಕ್ಕೆಗಳ ಮಳೆ, ಕ್ಷಣಕಾಲ ಕಪ್ಪಾಗುವ ಪರದೆ ಇವು ಸಂಖ್ಯೆಗಳ ಲೋಕದವು. ಪ್ರೊಜೆಕ್ಟರು ತಾನಾಗಿಯೇ ತೋರಿಸಬಲ್ಲ ಪರೀಕ್ಷಾಚಿತ್ರವೊಂದು ಅದರೊಳಗೇ ಇರುತ್ತದೆ. ಅದನ್ನು ತೋರಿಸಿದಾಗ ದೋಷವು ಮಾಯವಾದರೆ ಪ್ರೊಜೆಕ್ಟರಿನ ಬೆಳಕಿನ ದಾರಿ ನಿರ್ದೋಷಿ; ಹುಡುಕಾಟವು ಕೇಬಲ್ಲಿನ ಕಡೆಗೂ ಚಿತ್ರವನ್ನು ಕಳುಹಿಸುವ ಸರ್ವರಿನ ಕಡೆಗೂ ತಿರುಗಬೇಕು. ಅದೇ ಚಿತ್ರದ ಅದೇ ಕ್ಷಣದಲ್ಲಿ ಪ್ರತಿಸಲವೂ ದೋಷ ಬಂದರೆ ಕಡತವೇ ಕೆಟ್ಟಿದೆ; ಬಂದಾಗ ಬಂದು ಹೋದಾಗ ಹೋಗುತ್ತಿದ್ದರೆ ಕೇಬಲ್ಲನ್ನು ಶಂಕಿಸಬೇಕು. ಚಿತ್ರವೆಲ್ಲ ಹಸಿರು ಮತ್ತು ಗುಲಾಬಿಯಾಗಿ ಕಂಡರೆ, ಬಣ್ಣಗಳನ್ನು ಸಂಖ್ಯೆಯಾಗಿ ಬರೆದ ಲಿಪಿ ಒಂದು, ಓದುತ್ತಿರುವ ಲಿಪಿ ಇನ್ನೊಂದು ಎಂದು ಊಹಿಸಬಹುದು. ಅಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ, ಸರಿಪಡಿಸಬೇಕಾದುದು ಆಯ್ಕೆಯೊಂದೇ.

ಇಷ್ಟೆಲ್ಲವನ್ನೂ ಹೇಳಿದ್ದರ ಉದ್ದೇಶ ವಾಚಕರನ್ನು ಪ್ರೊಜೆಕ್ಟರ್ ತಂತ್ರಜ್ಞರನ್ನಾಗಿ ಮಾಡುವುದಲ್ಲ. ಈ ಎಲ್ಲ ಉದಾಹರಣೆಗಳಲ್ಲಿಯೂ ಕ್ರಮವು ಒಂದೇ ಎಂಬುದನ್ನು ಗಮನಿಸಬೇಕು. ಮೊದಲು ಕಂಡದ್ದನ್ನು ಕಂಡಂತೆ ಹೇಳುವುದು. ಬಳಿಕ ಅದು ಎಲ್ಲೆಲ್ಲಿ ಹುಟ್ಟಿರಬಹುದೆಂದು ಎಣಿಸುವುದು. ಕೊನೆಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸಂಶಯದ ಕ್ಷೇತ್ರವನ್ನು ಅರ್ಧರ್ಧವಾಗಿ ಕತ್ತರಿಸುತ್ತ ಬರುವುದು. ಈ ಕ್ರಮವನ್ನು ಬಿಟ್ಟವರು ಮಾಡುವ ಕೆಲಸವನ್ನು ನಮ್ಮ ಹಿರಿಯರು ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದು ಬಣ್ಣಿಸಿದ್ದಾರೆ. ಕೇಬಲ್ಲಿನ ತಪ್ಪಿಗೆ ದೀಪವನ್ನು ಬದಲಿಸುವುದು, ಪರದೆಯ ಕಲೆಗೆ ಮಸೂರವನ್ನು ತಿಕ್ಕಿ ಗೀರು ಬೀಳಿಸುವುದು ಇವೆಲ್ಲ ಎಮ್ಮೆಗೆ ಎಳೆದ ಬರೆಗಳೇ.

ಇದಕ್ಕೆ ನಮ್ಮ ಕಡೆಯದೇ ಒಂದು ನಿದರ್ಶನವನ್ನು ಕೊಡಬಹುದು. ಶಲವಡಿಯ ಸುತ್ತಿನ ಊರೊಂದರ ಪ್ರೌಢಶಾಲೆಯಲ್ಲಿ ಪಾಠಕ್ಕೆಂದು ಬಂದಿದ್ದ ಸಣ್ಣ ಪ್ರೊಜೆಕ್ಟರೊಂದು ಬೀರುವಿನಲ್ಲಿ ಕುಳಿತಿತ್ತು. ಚಿತ್ರವೆಲ್ಲ ಹಳದಿಯಾಗಿ ಬರುತ್ತಿದೆ, ದೀಪವು ಮುದಿಯಾಗಿದೆ, ಹೊಸ ದೀಪಕ್ಕೆ ಹಣವಿಲ್ಲ ಎಂಬುದು ಶಾಲೆಯವರ ವಿವರಣೆ. ನಾವು ಅದನ್ನು ಹೊರಗೆ ತೆಗೆಯಿಸಿ, ಒಂಬತ್ತನೆಯ ತರಗತಿಯ ಮಕ್ಕಳ ಮುಂದಿಟ್ಟು, ಕಾಣುವುದನ್ನೆಲ್ಲ ಹೇಳಿರೆಂದು ಕೇಳಿದೆವು. ಚಿತ್ರವು ಹಳದಿಯಾಗಿದೆಯೆಂದು ಎಲ್ಲರೂ ಹೇಳಿದರು. ಯಂತ್ರದ ಗುಂಡಿಯನ್ನು ಒತ್ತಿ ಅದರ ಸ್ವಂತ ಮೆನುವನ್ನು ಪರದೆಯ ಮೇಲೆ ತರಿಸಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಸರ, ಮೆನುವಿನ ಅಕ್ಷರಾ ಬೆಳ್ಳಗ ಅದಾವಲ್ರಿ!” ಎಂದಳು. ವಾದವು ಅಲ್ಲಿಗೇ ಮುಗಿಯಿತು. ಮೆನುವಿನ ಬಿಳಿಯೂ ಅದೇ ದೀಪದಿಂದ ಬಂದದ್ದು. ದೀಪವು ಮುದಿಯಾಗಿದ್ದರೆ ಅದೂ ಹಳದಿಯಾಗಬೇಕಾಗಿತ್ತು. ಹಾಗಾದರೆ ನೀಲಿಯು ಕಳೆದುಹೋದದ್ದು ಯಂತ್ರಕ್ಕೆ ಬರುವ ದಾರಿಯಲ್ಲಿ. ಆ ಹಳೆಯ ಬಗೆಯ ವಿಜಿಎ ಕೇಬಲ್ಲಿನಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಬೇರೆ ಬೇರೆ ಮುಳ್ಳುಗಳಿರುತ್ತವೆ. ಮೊದಲ ಸಾಲಿನ ಮೂರನೆಯ ಮುಳ್ಳು ನೀಲಿಯದು. ಅದು ಮಡಿಸಿ ಮಲಗಿತ್ತು. ಚಿಮಟದಿಂದ ನೆಟ್ಟಗೆ ಮಾಡಿದಾಗ ಬಿಳಿಯು ಬಿಳಿಯಾಯಿತು. ಖರ್ಚು ಒಂದು ಕಾಸೂ ಆಗಲಿಲ್ಲ. ಆ ಯಂತ್ರವು ಬೀರುವಿನಲ್ಲಿದ್ದಷ್ಟು ದಿನ ಮಕ್ಕಳು ಕಳೆದುಕೊಂಡ ಪಾಠಗಳನ್ನು ಲೆಕ್ಕ ಹಾಕುವವರು ಯಾರು?

ಇಂತಹದು ಹಳ್ಳಿಯಲ್ಲಿ ಮಾತ್ರ ನಡೆಯುವುದೆಂದು ಭಾವಿಸಬಾರದು. 2005ರಲ್ಲಿ ಅಮೆರಿಕದ ಚಿತ್ರಸಂಸ್ಥೆಗಳು ಕೂಡಿ ರೂಪಿಸಿದ ಡಿಜಿಟಲ್ ಸಿನಿಮಾ ನಿಯಮಾವಳಿಯ ಪ್ರಕಾರ ಪರದೆಯ ನಡುವಿನ ಬಿಳಿಯು ಚದರ ಮೀಟರಿಗೆ 48 ಕ್ಯಾಂಡೆಲಾದಷ್ಟು ಪ್ರಕಾಶಿಸಬೇಕು. ಅದೇ ದೇಶದ ಬಾಸ್ಟನ್ ನಗರದ ಕೆಲವು ಚಿತ್ರಮಂದಿರಗಳಲ್ಲಿ ಚಿತ್ರಗಳು ಬಹಳ ಮಂಕಾಗಿ ಕಾಣುತ್ತಿವೆಯೆಂದು 2011ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆಯು ಬರೆಯಿತು. ತ್ರಿಮಾನ ಚಿತ್ರಗಳಿಗಾಗಿ ಅಳವಡಿಸಿದ್ದ ಧ್ರುವೀಕರಣದ ಮಸೂರವನ್ನು ಸಾಮಾನ್ಯ ಚಿತ್ರಗಳನ್ನು ತೋರಿಸುವಾಗಲೂ ತೆಗೆಯದೆ ಬಿಟ್ಟಿದ್ದುದೇ ಕಾರಣ. ಧ್ರುವೀಕಾರಕವು ಸಾಮಾನ್ಯ ಬೆಳಕಿನ ಅರ್ಧವನ್ನಾದರೂ ತಡೆಯುತ್ತದೆಂಬುದನ್ನು ಪದವಿಪೂರ್ವ ವಿದ್ಯಾರ್ಥಿಯೂ ಬಲ್ಲನು. ಇದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಕಾಗಿರಲಿಲ್ಲ. ಪ್ರೇಕ್ಷಕನು ತಿರುಗಿ ಕೊಠಡಿಯ ಕಿಟಕಿಯನ್ನು ನೋಡಿದರೆ ಒಂದು ಬೆಳಕಿನ ಕೋಲಿನ ಬದಲು ಒಂದರ ಮೇಲೊಂದು ಎರಡು ಕಾಣುತ್ತಿದ್ದವು. ಹಣ ತೆತ್ತು ಕುಳಿತ ಎಷ್ಟೋ ಜನರು ಮಂಕು ಚಿತ್ರವನ್ನು ಸಹಿಸಿಕೊಂಡು ಮನೆಗೆ ಹೋದರು.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಮೊದಲನೆಯದಾಗಿ, ಈ ಯಂತ್ರಗಳನ್ನು ಮುಟ್ಟುವುದೇ ಅಪಾಯಕರವೆನ್ನಬಹುದು. ಇದು ನಿಜ. ಕ್ಸೆನಾನ್ ದೀಪದೊಳಗಿನ ಅನಿಲವು ತಣ್ಣಗಿರುವಾಗಲೂ ವಾಯುಮಂಡಲದ ಒತ್ತಡದ ಹಲವು ಪಟ್ಟು ಒತ್ತಡದಲ್ಲಿರುತ್ತದೆ. ಮುಖಕವಚವಿಲ್ಲದೆ ಅದನ್ನು ಮುಟ್ಟಬಾರದು. ಉರಿಯುವ ದೀಪವನ್ನಾಗಲಿ ಲೇಸರನ್ನಾಗಲಿ ನೇರವಾಗಿ ನೋಡಬಾರದು. ಚಿತ್ರವು ಕಳುವಾಗದಂತೆ ಯಂತ್ರಕ್ಕೆ ಬೀಗಮುದ್ರೆಗಳೂ ಇರುತ್ತವೆ. ಅವುಗಳನ್ನು ಒಡೆಯುವ ಅಧಿಕಾರವು ಎಲ್ಲರಿಗೂ ಇಲ್ಲ. ಆದರೆ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಒಂದಕ್ಕಾದರೂ ಪೆಟ್ಟಿಗೆಯನ್ನು ಬಿಚ್ಚಬೇಕಾಯಿತೇ? ವೈದ್ಯನು ನಾಡಿ ನೋಡಿ ನಾಲಗೆ ನೋಡಿ ರೋಗವನ್ನು ಅರಿಯುತ್ತಾನೆ. ಶಸ್ತ್ರವನ್ನು ಹಿಡಿಯುವುದು ಆಮೇಲಿನ ಮಾತು. “ಕೆಂಪಿನ ಚಿತ್ರವು ಬಲಕ್ಕೆ ಒಂದು ಬಿಂದುವಿನಷ್ಟು ಸರಿದಿದೆ, ಯಂತ್ರ ಕಾದ ಮೇಲೆ ಮಾತ್ರ ಹೀಗಾಗುತ್ತದೆ” ಎಂದು ದೂರವಾಣಿಯಲ್ಲಿ ಹೇಳಬಲ್ಲ ಆಪರೇಟರನಿದ್ದರೆ, ಬರುವ ತಂತ್ರಜ್ಞನು ಬೇಕಾದ ಉಪಕರಣವನ್ನು ಹಿಡಿದುಕೊಂಡೇ ಬರುವನು. ಎಷ್ಟೋ ಸಲ ಅವನು ಬರಬೇಕಾಗಿಯೇ ಇರುವುದಿಲ್ಲ.

ಎರಡನೆಯದಾಗಿ, ಈಗಿನ ಯಂತ್ರಗಳು ತಮ್ಮ ದೋಷವನ್ನು ತಾವೇ ವರದಿ ಮಾಡುತ್ತವಲ್ಲ ಎನ್ನಬಹುದು. ಹೌದು, ಶಾಖವೆಷ್ಟು, ಫ್ಯಾನು ತಿರುಗುತ್ತಿದೆಯೇ, ದೀಪವು ಎಷ್ಟು ಗಂಟೆ ಉರಿದಿದೆ ಎಂಬುದನ್ನು ಅವು ಹೇಳಬಲ್ಲವು. ಆದರೆ ಯಂತ್ರದ ಅರಿವು ಅದರೊಳಗಿನ ಸಂವೇದಕಗಳಿಗೆ ಸೀಮಿತವಾದದ್ದು. ಕಿಟಕಿಯ ಗಾಜಿನ ಮೇಲಿನ ಧೂಳು, ಪರದೆಯ ಮೇಲಿನ ಕಲೆ, ಮರೆತು ಬಿಟ್ಟ ಧ್ರುವೀಕಾರಕ ಇವು ಅದರ ಲೆಕ್ಕಕ್ಕೆ ಬರುವುದಿಲ್ಲ. ಬಾಸ್ಟನ್ನಿನ ದೋಷವು ಪ್ರೇಕ್ಷಕರ ಕಣ್ಣಿನಿಂದಲೇ ಬೆಳಕಿಗೆ ಬಂದಿತು. ಶಾಖದ ವರದಿಯಲ್ಲಿಯೂ ಯಂತ್ರವು ‘ಬಿಸಿಯಾಗಿದೆ’ ಎನ್ನುವುದೇ ಹೊರತು ಏಕೆಂದು ಹೇಳುವುದಿಲ್ಲ. ಶಲವಡಿ, ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯ ಧೂಳನ್ನು ಬಲ್ಲವನು ಮಾತ್ರ ಅದರ ಕಾರಣವನ್ನು ತಕ್ಷಣ ಊಹಿಸಬಲ್ಲನು. ಬೇಸಿಗೆಯ ಗಾಳಿಯಲ್ಲಿ ಹಾರುವ ಆ ನವಿರಾದ ಕಪ್ಪು ಮಣ್ಣು ಗಾಳಿಸೋಸುಕದಲ್ಲಿ ಹೆಪ್ಪುಗಟ್ಟಿ, ಒಳಗೆ ಗಾಳಿಯಾಡದೆ, ಆಟದ ನಡುವೆ ದೀಪವು ಆರಿಹೋಗುತ್ತದೆ. ತಂಪು ನಗರದ ಲೆಕ್ಕದಲ್ಲಿ ಬರೆದ ಕೈಪಿಡಿಯು ಹೇಳುವುದಕ್ಕಿಂತ ಬೇಗಬೇಗನೆ ಇಲ್ಲಿ ಸೋಸುಕವನ್ನು ಶುಚಿಮಾಡಬೇಕೆಂಬುದು ಸ್ಥಳೀಯನಿಗೆ ತಿಳಿಯುವ ಮಾತು.

ಹಾಗಾದರೆ ಮಾಡಬೇಕಾದುದೇನು? ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಯು ಮಸೂರದ ಸಂಗಮದೂರವನ್ನು ಅಳೆಯುತ್ತಾನೆ. ಬರಬೇಕಾದ ಉತ್ತರವು ಅವನಿಗೆ ಮೊದಲೇ ಗೊತ್ತಿರುತ್ತದೆ. ಎಲ್ಲವೂ ಸರಿಯಾಗಿರುವ ಉಪಕರಣವನ್ನು ಅವನ ಕೈಗೆ ಕೊಟ್ಟು, ಸರಿಯಾದ ಉತ್ತರಕ್ಕೆ ಅಂಕ ಕೊಡುತ್ತೇವೆ. ಕೆಟ್ಟ ಉಪಕರಣವನ್ನು ಕೊಟ್ಟು ‘ಏಕೆ ಕೆಟ್ಟಿದೆ, ಹೇಳು’ ಎಂದು ನಾವು ಎಂದೂ ಕೇಳುವುದಿಲ್ಲ. ವರ್ಷಕ್ಕೆ ಎರಡು ಪ್ರಯೋಗ ತರಗತಿಗಳನ್ನಾದರೂ ಇದಕ್ಕೆ ಮೀಸಲಿಡಬೇಕೆಂಬುದು ನಮ್ಮ ಸಲಹೆ. ಶಾಲೆಯ ಪ್ರೊಜೆಕ್ಟರೇ ಸಾಕು. ಉಪಾಧ್ಯಾಯರು ಗುಟ್ಟಾಗಿ ಒಂದು ದೋಷವನ್ನು ಹೂಡಲಿ: ಕೇಬಲ್ಲನ್ನು ಸಡಿಲಿಸಲಿ, ಯಂತ್ರವನ್ನು ಓರೆಯಾಗಿ ನಿಲ್ಲಿಸಲಿ, ಬಣ್ಣದ ಆಯ್ಕೆಯನ್ನು ಬದಲಿಸಲಿ, ಮಸೂರದ ಮುಂದೆ ಮಾಸಿದ ಪಾರದರ್ಶಕ ಹಾಳೆಯನ್ನು ಹಿಡಿಯಲಿ, ಪರದೆಗೆ ತೆಳುವಾದ ಕಲೆ ಹಚ್ಚಲಿ. ವಿದ್ಯಾರ್ಥಿಗಳು ಕಂಡದ್ದನ್ನೂ, ಶಂಕಿಸಿದ್ದನ್ನೂ, ಮಾಡಿದ ಪರೀಕ್ಷೆಯನ್ನೂ, ಅದರಿಂದ ಯಾವ ಶಂಕೆ ಅಳಿಯಿತೆಂಬುದನ್ನೂ ಸಾಲಾಗಿ ಬರೆಯಲಿ. ಅಂಕವು ಉತ್ತರಕ್ಕಿಂತ ಹೆಚ್ಚಾಗಿ ಈ ಬರವಣಿಗೆಗೆ ಸಲ್ಲಲಿ. ದೋಷವನ್ನೂ ಸ್ವಭಾವವನ್ನೂ ಬೇರ್ಪಡಿಸುವುದನ್ನೂ ಅವರು ಇಲ್ಲಿಯೇ ಕಲಿಯಬಹುದು. ಒಂದೇ ಚಿಪ್ಪೂ ತಿರುಗುವ ಬಣ್ಣದ ಚಕ್ರವೂ ಇರುವ ಸಣ್ಣ ಪ್ರೊಜೆಕ್ಟರಿನ ಬೆಳಕಿನಲ್ಲಿ ಕೈಬೆರಳುಗಳನ್ನು ಬೇಗಬೇಗನೆ ಅಲುಗಿಸಿದರೆ ಬೆರಳುಗಳಿಗೆ ಬಣ್ಣಬಣ್ಣದ ಅಂಚುಗಳು ಕಾಣುತ್ತವೆ. ಯಂತ್ರವು ಕೆಟ್ಟಿಲ್ಲ, ಬಣ್ಣಗಳನ್ನು ಒಂದಾದ ಮೇಲೊಂದರಂತೆ ಕಳುಹಿಸುವುದು ಅದರ ರೀತಿ.

ಈ ವಿದ್ಯೆಯು ಪ್ರೊಜೆಕ್ಟರಿಗೆ ಮಾತ್ರ ಮೀಸಲಾದುದಲ್ಲ. ಹೊಲದ ಪಂಪ್‌ಸೆಟ್ಟು ನೀರೆತ್ತದಿದ್ದಾಗಲೂ, ಮನೆಯ ದೀಪವು ಮಿನುಗಿದಾಗಲೂ, ಆಸ್ಪತ್ರೆಯ ಉಪಕರಣವು ತಪ್ಪು ಅಂಕೆ ತೋರಿಸಿದಾಗಲೂ ಬೇಕಾದದ್ದು ಇದೇ ಕ್ರಮ. ಹಳ್ಳಿಯ ಮನೆಗಳಿಗೆ ಯಂತ್ರಗಳು ಬಂದಷ್ಟು ಬೇಗ ಅವುಗಳ ವಿದ್ಯೆ ಬಂದಿಲ್ಲ. ಕೊಂಡು ತಂದ ಯಂತ್ರವು ಕೆಟ್ಟೊಡನೆ ಕೈಕಟ್ಟಿ ಕುಳಿತುಕೊಳ್ಳುವವನು ಅದರ ಒಡೆಯನೆನಿಸಲಾರನು. ಮುಂದಿನ ಸಲ ಚಿತ್ರಮಂದಿರದಲ್ಲಿಯೋ ತರಗತಿಯಲ್ಲಿಯೋ ಚಿತ್ರವು ಕೆಟ್ಟು ಕಂಡಾಗ ವಿದ್ಯಾರ್ಥಿ ಮಿತ್ರರು ‘ಕೆಟ್ಟಿದೆ’ ಎನ್ನುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಯಾವ ಬಣ್ಣದಲ್ಲಿ ಕೆಟ್ಟಿದೆ? ಪರದೆಯ ಯಾವ ಭಾಗದಲ್ಲಿ ಕೆಟ್ಟಿದೆ? ಚಿತ್ರವನ್ನು ಸರಿಸಿದರೆ ದೋಷವೂ ಸರಿಯುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದಾಗ ಹುಡುಕಬೇಕಾದ ಕ್ಷೇತ್ರವು ಅಂಗೈಯಗಲಕ್ಕೆ ಇಳಿದಿರುತ್ತದೆ.